ಜೀವವಿಜ್ಞಾನವೋ, ಜೀವರಸಾಯನವೋ?

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಯ ಊರು. 2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರು ಬಂದ ಮೇಲೆ ದೂರದವರಿಗೆ ಕೊಂಚ ಗೊಂದಲವಾಗಿದೆ, ಅಷ್ಟೆ. ಇಲ್ಲಿ ಗೂಡಿನ ಮಾರುಕಟ್ಟೆ ಇದೆ, ನೂಲು ಬಿಚ್ಚಾಣಿಕೆಯ ಮನೆಗಳಿವೆ, ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ. ಪಿ.ಯು.ಸಿ. ಫಲಿತಾಂಶ ಬಂದು, ನೀಟ್ ಅಂಕಗಳೂ ತಿಳಿದ ಮೇಲೆ ಇಂಥ ಊರಿನ ಹಲವು ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಡಾಕ್ಟರ್ ಸೀಟು ಸಿಗಲಿಲ್ಲ, ಇನ್ನೇನು ಓದಿಸುವುದು?"

ಆಗ ಯಾರೋ ಒಬ್ಬರು ಬಿ.ಎಸ್ಸಿ. ಲೈಫ್ ಸೈನ್ಸ್ ಎನ್ನುತ್ತಾರೆ, ಇನ್ನೊಬ್ಬರು ಬಯೋಕೆಮಿಸ್ಟ್ರಿ ಎನ್ನುತ್ತಾರೆ. ಎರಡರ ವ್ಯತ್ಯಾಸ ಹೇಳಿದವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಅರ್ಜಿ ತುಂಬುವ ಕೊನೆಯ ದಿನ, ಗೆಳತಿ ಯಾವುದಕ್ಕೆ ಸೇರಿದಳೋ ಅದಕ್ಕೇ ಸೇರುವುದು ವಾಡಿಕೆಯಾಗಿಬಿಟ್ಟಿದೆ. ಮೂರು ವರ್ಷಗಳ ಓದನ್ನು ಹೀಗೆ ಆರಿಸುವುದು ತರವಲ್ಲ.

ವ್ಯತ್ಯಾಸವನ್ನು ತಿಳಿಯಲು ವಿಜಯಪುರದವರು ದೂರ ಹೋಗಬೇಕಿಲ್ಲ. ಬಿಚ್ಚಾಣಿಕೆ ಮನೆಯ ಬಿಸಿನೀರಿನ ಬಾಣಲೆಯನ್ನೇ ನೋಡಬಹುದು. ಗೂಡನ್ನು ಬೇಯಿಸದೆ ಎಳೆ ಸಿಗುವುದಿಲ್ಲ. ಏಕೆ? ರೇಷ್ಮೆ ಎಳೆಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರಾಯಿನ್. ಅದೇ ನಿಜವಾದ ನೂಲು. ಉಳಿದುದರಲ್ಲಿ ಹೆಚ್ಚಿನದು ಸೆರಿಸಿನ್. ಅದು ಎಳೆಗಳನ್ನು ಅಂಟಿಸುವ ಗೋಂದು. ಬಿಸಿನೀರು ಸೆರಿಸಿನ್ನನ್ನು ಮೆದುವಾಗಿಸುತ್ತದೆ, ಫೈಬ್ರಾಯಿನ್‌ಗೆ ಏನೂ ಆಗುವುದಿಲ್ಲ. ಒಂದು ಪ್ರೋಟೀನು ಬಿಸಿನೀರಿಗೆ ಸೋಲುತ್ತದೆ, ಇನ್ನೊಂದು ಸೋಲುವುದಿಲ್ಲ. ಅವುಗಳಲ್ಲಿರುವ ಅಮೈನೋ ಆಮ್ಲಗಳು ಯಾವುವು, ಸರಪಳಿ ಹೇಗೆ ಮಡಿಚಿಕೊಂಡಿದೆ ಎಂದು ಕೇಳುವುದೇ ಜೀವರಸಾಯನಶಾಸ್ತ್ರ.

ಈಗ ಹುಳು ಸಾಕುವ ಮನೆಗೆ ಬರೋಣ. ಹುಳುಗಳಿಗೆ ಗಂಟುರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿ ಯಾವುದು, ತಾಯಿಚಿಟ್ಟೆಯಿಂದ ಮೊಟ್ಟೆಗೆ ಅದು ಹೇಗೆ ದಾಟುತ್ತದೆ, ಯಾವ ತಳಿ ಬಿಸಿಲನ್ನು ತಡೆಯುತ್ತದೆ, ಯಾವ ಹಿಪ್ಪುನೇರಳೆ ಹೆಚ್ಚು ಸೊಪ್ಪು ಕೊಡುತ್ತದೆ ಎಂಬುವು ಜೀವವಿಜ್ಞಾನದ ಪ್ರಶ್ನೆಗಳು. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ತಳಿಶಾಸ್ತ್ರ ಎಲ್ಲವೂ ಇದರೊಳಗೆ ಬರುತ್ತವೆ. ಒಟ್ಟಿನಲ್ಲಿ, ಜೀವಿಯನ್ನು ಇಡಿಯಾಗಿ ನೋಡುವುದು ಜೀವವಿಜ್ಞಾನ, ಅದರೊಳಗಿನ ಅಣುಗಳ ವ್ಯವಹಾರವನ್ನು ನೋಡುವುದು ಜೀವರಸಾಯನ.

ಎರಡರ ನಡುವೆ ಗೋಡೆಯೇನೂ ಇಲ್ಲ. ಗಂಟುರೋಗದ ಕಥೆಯೇ ಅದಕ್ಕೆ ಸಾಕ್ಷಿ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಈ ರೋಗದಿಂದ ಕಂಗೆಟ್ಟಿದ್ದಾಗ ಅಧ್ಯಯನಕ್ಕೆ ಕಳುಹಿಸಲ್ಪಟ್ಟವರು ಲೂಯಿ ಪಾಶ್ಚರ್. ಅವರು ರಸಾಯನಶಾಸ್ತ್ರಜ್ಞರು, ರೇಷ್ಮೆಹುಳುವಿನ ಪರಿಚಯವೇ ಇರಲಿಲ್ಲ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವ ವಿಧಾನವನ್ನು ಅವರು ರೂಪಿಸಿದರು. ಇಂದಿಗೂ ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ವದ ಮೇಲೆ.

ನಮ್ಮ ಬೆಂಗಳೂರಿನಲ್ಲೂ ಉದಾಹರಣೆಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ 1921ರಷ್ಟು ಹಿಂದೆಯೇ ಆರಂಭವಾಯಿತು. 1933ರಲ್ಲಿ ಮುಂಬಯಿಯಿಂದ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಕಮಲಾ ಸೊಹೋನಿಯವರಿಗೆ ಹೆಣ್ಣೆಂಬ ಕಾರಣಕ್ಕೆ ಅಲ್ಲಿ ಮೊದಲು ಪ್ರವೇಶ ಸಿಗಲಿಲ್ಲ. ಅವರು ಪಟ್ಟುಬಿಡದೆ ಷರತ್ತುಗಳನ್ನು ಒಪ್ಪಿ ಸೇರಿದರು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಇನ್ನು ಕಿರಣ್ ಮಜುಂದಾರ್ ಷಾ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ಆಸ್ಟ್ರೇಲಿಯಾದಲ್ಲಿ ಹುದುಗುವಿಕೆಯ ವಿದ್ಯೆ ಕಲಿತು ಬಂದು 1978ರಲ್ಲಿ ಬಯೋಕಾನ್ ಆರಂಭಿಸಿದಾಗ ಅವರು ತಯಾರಿಸಿದ ಮೊದಲ ವಸ್ತುಗಳಲ್ಲೊಂದು ಪಪ್ಪಾಯಿಯಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ರಸಾಯನ ಓದಿದವರು ಜೀವಿಗಳ ಕಡೆಗೆ ಬಂದಿದ್ದಾರೆ, ಪ್ರಾಣಿಶಾಸ್ತ್ರ ಓದಿದವರು ಕಿಣ್ವದ ಕಡೆಗೆ ಹೋಗಿದ್ದಾರೆ.

ಹಾಗೆಂದ ಮಾತ್ರಕ್ಕೆ ಯಾವುದನ್ನು ಓದಿದರೂ ಒಂದೇ ಎಂದಲ್ಲ. ಪೋಷಕರು ಮೊದಲು ಕೇಳಿಕೊಳ್ಳಬೇಕಾದ್ದು, ಮನೆ ಎಷ್ಟು ವರ್ಷ ಕಾಯಬಲ್ಲದು ಎಂಬುದನ್ನು. ಮೂರು ವರ್ಷ ಮುಗಿದೊಡನೆ ಸಂಬಳ ಬರಲೇಬೇಕು ಎನ್ನುವ ಪರಿಸ್ಥಿತಿ ಇದ್ದರೆ ಅದನ್ನು ಮುಚ್ಚಿಡಬಾರದು. ಜೀವರಸಾಯನದ ಬರೀ ಬಿ.ಎಸ್ಸಿ.ಗೆ ಔಷಧ ಕಾರ್ಖಾನೆಗಳಲ್ಲಿ, ಆಹಾರ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಕೆಳಹಂತದ ಕೆಲಸಗಳು ಸಿಗುತ್ತವೆ. ಆದರೆ ಈ ವಿಷಯದ ಬೆಲೆ ತೆರೆದುಕೊಳ್ಳುವುದು ಎಂ.ಎಸ್ಸಿ. ಆದ ಮೇಲೆ. ಅಂದರೆ ಇದು ಐದು ವರ್ಷಗಳ ದಾರಿ ಎಂದೇ ಲೆಕ್ಕ ಹಾಕುವುದು ಒಳ್ಳೆಯದು.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕೆಂಬ ಆಸೆಯಿದ್ದರೆ ಅದಕ್ಕೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಪ್ರತ್ಯೇಕ ಪದವಿಯೇ ಇದೆ. ಹೆಸರಿನ ಸಾಮ್ಯದಿಂದ ಜೀವರಸಾಯನಕ್ಕೆ ಸೇರಿ, ಕೊನೆಗೆ ರಕ್ತಪರೀಕ್ಷೆಯ ಕೆಲಸಕ್ಕೆ ಅರ್ಹತೆ ಇಲ್ಲವೆಂದು ತಿಳಿದು ನೊಂದುಕೊಳ್ಳುವುದು ಬೇಡ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸುವ ಆಸೆಯಿದ್ದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳ ಹಳೆಯ ಸಂಯೋಜನೆಯೇ ಸುರಕ್ಷಿತ. ನೇಮಕಾತಿಯವರು ಪದವಿಯಲ್ಲಿ ಓದಿದ ವಿಷಯಗಳನ್ನು ಒಂದೊಂದಾಗಿ ನೋಡುತ್ತಾರೆ. ಮನೆತನದ ಕಸುಬನ್ನೇ ಬೆಳೆಸಬೇಕೆಂಬ ಮನಸ್ಸಿದ್ದರೆ ಕೃಷಿ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ರೇಷ್ಮೆ ಕೃಷಿ ಪದವಿಯನ್ನು ವಿಚಾರಿಸಬೇಕು.

ಐದು ವರ್ಷಕ್ಕೂ ಹೆಚ್ಚು ಓದುವ ಛಲ ಮಗಳಿಗೋ ಮಗನಿಗೋ ಇದ್ದರೆ ಪೋಷಕರು ಒಂದು ವಿಷಯ ತಿಳಿದಿರಬೇಕು. ಸಂಶೋಧನೆಯ ಹಂತಕ್ಕೆ ಹೋದ ಮೇಲೆ ಖರ್ಚು ಮನೆಯವರದಲ್ಲ. ಸಿ.ಎಸ್.ಐ.ಆರ್.ನ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್ಸಿ. ಆದವರೇ ನೇರವಾಗಿ ಸೇರಬಹುದಾದ ಸಂಯೋಜಿತ ಪಿಎಚ್.ಡಿ. ಕೂಡ ಇದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇರುವುದು ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ. ವಿಜಯಪುರದಿಂದ ದೇವನಹಳ್ಳಿಯ ಮೂಲಕ ನಗರಕ್ಕೆ ಹೋಗುವ ಬಸ್ಸು ಅದರ ಸಮೀಪವೇ ಹಾದುಹೋಗುತ್ತದೆ.

ಇನ್ನು ವಿದ್ಯಾರ್ಥಿಯ ಒಲವನ್ನು ತಿಳಿಯುವುದು ಹೇಗೆ? ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ದ್ವಿತೀಯ ಪಿ.ಯು.ಸಿ.ಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಜೈವಿಕ ಅಣುಗಳ ಪಾಠವಿದೆ. ಅಂಕದ ಚಿಂತೆ ಬಿಟ್ಟು ಅದನ್ನು ಒಂದು ಸಂಜೆ ಮತ್ತೆ ಓದಬೇಕು. ಮರುದಿನ ಜೀವಶಾಸ್ತ್ರದ ಪುಸ್ತಕದಿಂದ ಪರಿಸರದ ಪಾಠವನ್ನೋ ಅನುವಂಶೀಯತೆಯ ಪಾಠವನ್ನೋ ಓದಬೇಕು. ಯಾವುದನ್ನು ಓದುವಾಗ ಗಡಿಯಾರ ನೋಡಲಿಲ್ಲವೋ ಆ ದಾರಿಯೇ ಸರಿ. ಸಾವಯವ ರಸಾಯನದ ಸೂತ್ರಗಳನ್ನು ಕಂಡರೆ ಆಗದವರು ಗಣಿತದಿಂದ ತಪ್ಪಿಸಿಕೊಳ್ಳಲೆಂದು ಜೀವರಸಾಯನಕ್ಕೆ ಬಂದರೆ ಅದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿಗೆ ಹೆದರುವುದು ಸಹಜ. ಆದರೆ ಫೈಬ್ರಾಯಿನ್, ಗ್ಲೈಸೀನ್ ಮುಂತಾದ ಹೆಸರುಗಳು ಎಲ್ಲ ಮಾಧ್ಯಮದವರಿಗೂ ಹೊಸವೇ. ಮೊದಲ ಸೆಮಿಸ್ಟರಿನಲ್ಲಿ ದಿನಕ್ಕೆ ಐದು ಪದಗಳನ್ನು ಅರ್ಥದೊಡನೆ ಬರೆದಿಟ್ಟುಕೊಂಡರೆ ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಭಯ ತಾನಾಗಿ ಕಡಿಮೆಯಾಗುತ್ತದೆ.

ಪದವಿಯ ಸ್ವರೂಪವೂ ಈಚೆಗೆ ಬದಲಾಗಿದೆ. 2021ರಲ್ಲಿ ರಾಜ್ಯದಲ್ಲಿ ಬಂದ ನಾಲ್ಕು ವರ್ಷಗಳ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಗಳ, ಮೂರು ಮುಖ್ಯ ವಿಷಯಗಳ ಪದವಿ ಬಂದಿದೆ. ಆ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ, ರಸಾಯನಶಾಸ್ತ್ರ ಒಂದಾಗಿರಲಿ. ಮುಂದೆ ಜೀವರಸಾಯನಕ್ಕೆ ಹೋದರೂ ಸೂಕ್ಷ್ಮಜೀವಿಶಾಸ್ತ್ರಕ್ಕೆ ಹೋದರೂ ಅದು ಕೈಹಿಡಿಯುತ್ತದೆ.

ಕಾಲೇಜನ್ನು ಅದರ ಕಟ್ಟಡ ನೋಡಿ ಆರಿಸಬಾರದು. ಅರ್ಜಿ ಹಾಕುವ ಮುನ್ನ ಪೋಷಕರು ಮಗುವಿನೊಡನೆ ಒಂದು ಕೆಲಸದ ದಿನ ಅಲ್ಲಿಗೆ ಹೋಗಿಬರಬೇಕು. ಜೀವರಸಾಯನಕ್ಕೆ ಕಾಯಂ ಅಧ್ಯಾಪಕರು ಎಷ್ಟು ಮಂದಿ? ವಾರಕ್ಕೆ ಎಷ್ಟು ಗಂಟೆ ಪ್ರಯೋಗ, ಒಂದು ಉಪಕರಣಕ್ಕೆ ಎಷ್ಟು ವಿದ್ಯಾರ್ಥಿಗಳು? ಹಿಂದಿನ ಎರಡು ವರ್ಷಗಳಲ್ಲಿ ಎಂ.ಎಸ್ಸಿ.ಗೆ ಹೋದವರು ಎಷ್ಟು? ಈ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕರೆ ಸೇರಿಸಬಹುದು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆ ಇಲ್ಲ. ದೂರವೆಂಬ ಒಂದೇ ಕಾರಣಕ್ಕೆ ಒಳ್ಳೆಯ ಪ್ರಯೋಗಾಲಯವನ್ನು ಬಿಡಬೇಕಾಗಿಲ್ಲ.

ವೈದ್ಯಕೀಯ ಸೀಟು ಸಿಗದ ಮಕ್ಕಳು ಸೋತವರಲ್ಲ. ಆದರೆ ಮನೆಯವರೇ ಎದ್ದರೆ ಕೂತರೆ ಆ ಮಾತನ್ನೆತ್ತಿದರೆ ಮಗು ಹಾಗೆಂದೇ ನಂಬುತ್ತದೆ. ಒಲ್ಲದ ಮನಸ್ಸಿನಿಂದ ಸೇರಿದವರಿಗೆ ಎಂಥ ಪದವಿಯೂ ಭಾರವೇ. ಸೇರಿಸುವ ಮುನ್ನ ಒಂದು ರಾತ್ರಿ ಊಟವಾದ ಮೇಲೆ ಅಪ್ಪ ಅಮ್ಮ ಹಳೆಯ ಮಾತನ್ನು ಬದಿಗಿಟ್ಟು, "ನಿನಗೆ ಯಾವುದು ಇಷ್ಟ?" ಎಂದು ಕೇಳಲಿ. ಉತ್ತರ ಬರುವವರೆಗೆ ಕಾಯಲಿ.