ಏನೂ ಆಗಲ್ಲ ಬಿಡಿ!

ಈ ಸಲ ಮಿಷಿಗನ್ನಿನ ಚಳಿಗಾಲ ಪೂರ್ತಿ ನನ್ನ ಕಾರು ಹೊರಗೇ ಹಿಮದಲ್ಲಿ ನಿಂತಿತ್ತು. ಗರಾಜಿನೊಳಗಿನ ಜಾಗ ಒಂದು ಪುಟ್ಟ ವೆಲ್ಡಿಂಗ್ ಮಷೀನಿನ ಪಾಲಾಗಿದೆ. "ಎಂಜಿನಿಯರಿಂಗ್ ಓದಿಸಿದ್ದು ಇದಕ್ಕೇನೋ?" ಅಂತ ಅಪ್ಪ ಫೋನಿನಲ್ಲಿ ನಕ್ಕರು. ಅವರು ಹೇಳೋದೂ ಸರಿಯೇ. ದಾವಣಗೆರೆಯಲ್ಲಿ ನನ್ನ ಮಾರ್ಕ್ಸ್ ಕಡಿಮೆ ಆದಾಗಲೆಲ್ಲ ಅವರು ಕೈ ಮಾಡಿ ತೋರಿಸುತ್ತಿದ್ದುದು ನಮ್ಮ ಬೀದಿ ಕೊನೆಯ ಗ್ರಿಲ್ ಅಂಗಡಿಯನ್ನೇ!

ಹಾಗಂತ ನಾನು ವೆಲ್ಡಿಂಗ್ ಮುಟ್ಟದವನೇನಲ್ಲ. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬ್ ನೆನಪಿದೆಯಲ್ಲ? ಲ್ಯಾಪ್ ಜಾಯಿಂಟ್, ಬಟ್ ಜಾಯಿಂಟ್... ಬೆಸೆದಿದ್ದು ಲ್ಯಾಬಿನ ಅಣ್ಣ, ಮಾರ್ಕ್ಸ್ ಬಂದಿದ್ದು ನಮಗೆ.

ಮನೆಯಲ್ಲಿ ಶುರು ಮಾಡೋರಿಗೆ ಫ್ಲಕ್ಸ್ ಕೋರ್ ಮಷೀನು ಸುಲಭ. ಗ್ಯಾಸ್ ಸಿಲಿಂಡರ್ ಬೇಡ, ಇಲ್ಲಿನ 120 ವೋಲ್ಟ್ ಪ್ಲಗ್ಗಿಗೇ ಹಾಕೋ ಮಷೀನು ಸಿಗುತ್ತೆ. ತಂತಿಯ ಒಳಗಿರುವ ಫ್ಲಕ್ಸ್ ಉರಿದು, ಕರಗಿದ ಕಬ್ಬಿಣಕ್ಕೆ ಗಾಳಿ ತಾಗದ ಹಾಗೆ ನೋಡಿಕೊಳ್ಳುತ್ತೆ. ಮೂರು ಮಿಲಿಮೀಟರ್ ದಪ್ಪದ ಗುಜರಿ ಪಟ್ಟಿ ತಂದು ಬರೀ ನೇರ ಗೆರೆ ಎಳೆದು ಅಭ್ಯಾಸ ಮಾಡಬೇಕು. ನನ್ನ ಮೊದಲ ಗೆರೆ ಕಾಗೆ ಹಿಕ್ಕೆ ಹಾಕಿದ ಹಾಗಿತ್ತು! ಎರಡು ದಿನ ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ನೋಡಿದರೆ ಪೊಲಾರಿಟಿ ಉಲ್ಟಾ. ಈ ತಂತಿಗೆ ಗನ್ನು ನೆಗೆಟಿವ್‌ನಲ್ಲಿ ಇರಬೇಕು, ಗ್ಯಾಸ್ ಬಳಸುವ ಮಿಗ್‌ಗೆ ಪಾಸಿಟಿವ್. ಮ್ಯಾನುಯಲ್‌ನಲ್ಲಿ ಬರೆದಿತ್ತು, ನಾನು ಓದಿರಲಿಲ್ಲ ಅಷ್ಟೇ.

ಅದು ನಗೋ ವಿಷಯ. ಮುಂದಿನದು ಅಲ್ಲ.

ಒಂದು ಶನಿವಾರ ಹೆಲ್ಮೆಟ್ ಇಳಿಸಿಕೊಂಡರೆ ಜಾಯಿಂಟ್ ಕಾಣಲ್ಲ ಅಂತ, ಕಣ್ಣು ಮುಚ್ಚಿಕೊಂಡು ಮುಖ ತಿರುಗಿಸಿ ನಾಲ್ಕೈದು ಟ್ಯಾಕ್ ಹಾಕಿದೆ. ನಮ್ಮೂರ ಗ್ರಿಲ್ ಅಂಗಡಿಯವರು ಹಾಗೇ ಮಾಡ್ತಿದ್ದರಲ್ಲ? ಏನೂ ಆಗಲ್ಲ ಬಿಡಿ ಅಂದುಕೊಂಡೆ. ಆ ಹೊತ್ತಿಗೆ ಏನೂ ಆಗಲೂ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಎರಡೂ ಕಣ್ಣಿಗೆ ಹಿಡಿ ಮರಳು ಎರಚಿದ ಹಾಗೆ ಉರಿ, ನೀರು. ಆರ್ಕ್‌ನ ಅತಿನೇರಳೆ ಕಿರಣ ಕಣ್ಣಿನ ಕಾರ್ನಿಯಾವನ್ನೇ ಸುಡುತ್ತೆ, ನೋವು ಮಾತ್ರ ಗಂಟೆಗಟ್ಟಲೆ ತಡವಾಗಿ ಬರುತ್ತೆ. ಎರಡು ದಿನ ಪರದೆ ಎಳೆದುಕೊಂಡು ಮಲಗಿದೆ.

ಅದಕ್ಕೇ ನನ್ನ ವಾದ ಇಷ್ಟು: ಮಷೀನಿಗೆ ಕೊನೆಯಲ್ಲಿ ಖರ್ಚು ಮಾಡಿ. ಆರ್ಕ್ ಹೊತ್ತಿದ ಕೂಡಲೇ ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್ ಮೊದಲು. ಆಮೇಲೆ ಚರ್ಮದ ಗ್ಲೌಸು, ದಪ್ಪ ಹತ್ತಿ ಬಟ್ಟೆ. ಆಫೀಸಿನಲ್ಲಿ ಕೊಟ್ಟ ಫ್ಲೀಸ್ ಜಾಕೆಟ್ ಬೇಡ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ತರಗತಿ ಇದ್ದರೆ ಸೇರಿ. ಎಷ್ಟೇ ಚಳಿ ಇರಲಿ, ಗರಾಜಿನ ಬಾಗಿಲು ತೆಗೆದಿರಿ. ಸತು ಲೇಪಿಸಿದ ಪೈಪು ಮುಟ್ಟಬೇಡಿ, ಅದರ ಹೊಗೆ ಕುಡಿದರೆ ಜ್ವರ ಬರುತ್ತೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಕಬ್ಬಿಣ ಬೆಸೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಅಲ್ಲೇ ಇರಿ, ರಟ್ಟಿನ ಡಬ್ಬದಲ್ಲಿ ಅಡಗಿದ ಕಿಡಿ ನಿಧಾನಕ್ಕೆ ಹೊತ್ತಿಕೊಳ್ಳುತ್ತೆ.

ಕೋಡ್‌ನಲ್ಲಿ ತಪ್ಪಾದರೆ ಹಿಂದಿನ ವರ್ಷನ್‌ಗೆ ಹೋಗಿಬಿಡ್ತೀವಿ. ಕಣ್ಣಿಗೆ ಹಿಂದಿನ ವರ್ಷನ್ ಇಲ್ಲ ಸ್ವಾಮಿ!

ಆ ರಾತ್ರಿ ನೆನಪಾಗಿದ್ದು ಗ್ರಿಲ್ ಅಂಗಡಿಯಲ್ಲಿ ಪೈಪು ಹಿಡಿದುಕೊಂಡು ಮುಖ ತಿರುಗಿಸಿ ನಿಲ್ಲುತ್ತಿದ್ದ ಹುಡುಗ. ನನ್ನದೇ ವಯಸ್ಸು. ಅವನ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ನಿದ್ದೆಗೆಟ್ಟಿರಬೇಕು ಅಂತ ನಾವೆಲ್ಲ ಅಂದುಕೊಂಡಿದ್ವಿ. ನನಗೆ ಇದು ಹವ್ಯಾಸ, ನೋವಾದರೆ ರಜೆ ಹಾಕಿ ಮಲಗಬಹುದು. ಅವನಿಗೆ ಆ ರಜೆ ಯಾರು ಕೊಡ್ತಾರೆ? ಅಪ್ಪ ಆ ಅಂಗಡಿ ತೋರಿಸಿ ಹೆದರಿಸಿದರು, ನಾನು ಹೆದರಿ ಓದಿದೆ. ಆ ಹುಡುಗನಿಗೆ ಒಂದು ಒಳ್ಳೆ ಕರಿ ಗಾಜು ಬೇಕು ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಇಂಥ ಹೆಲ್ಮೆಟ್ ಈಗ ಭಾರತದಲ್ಲೂ ಸಿಗುತ್ತೆ. ಮುಂದಿನ ಸಲ ಊರಿಗೆ ಹೋದಾಗ ಆ ಅಂಗಡಿಗೆ ಎರಡು ಕೊಡಿಸಬೇಕು ಅಂತಿದ್ದೀನಿ. "ಇದೆಲ್ಲ ಯಾಕೆ ಸಾರ್, ಏನೂ ಆಗಲ್ಲ ಬಿಡಿ" ಅಂತಾರೆ, ಗೊತ್ತು. ನಾನು ಮಾತ್ರ ಬಿಡಲ್ಲ.

ನೀವೇನಂತೀರಿ?