ಇದ್ದಿಲಿಗೆ ತಕ್ಕಡಿಯೊಂದೇ ಸಾಲದು

ಇದ್ದಿಲೆಂಬುದು ಕುಲುಮೆಗೂ ಬಡವರ ಅಗ್ಗಿಷ್ಟಿಕೆಗೂ ಸಲ್ಲತಕ್ಕ ಸರಕೇ ಹೊರತು ಅದರ ಗುಣದೋಷಗಳನ್ನು ವಿಚಾರಿಸತಕ್ಕವರು ಯಾರೂ ಇಲ್ಲವೆಂಬ ಭಾವನೆಯು ಗ್ರಾಮಗಳಲ್ಲಿ ಬಹುಕಾಲದಿಂದ ಇರುವುದಷ್ಟೆ. ಈಗಿನ ಸ್ಥಿತಿಯು ಹಾಗಿಲ್ಲ. ಪಟ್ಟಣಗಳ ಹೋಟೆಲುಗಳಲ್ಲಿ ತಂದೂರು ಒಲೆಗಳೂ, ಕೆಂಡದ ಮೇಲೆ ಕಬ್ಬಿಣದ ಜಾಲರಿಯನ್ನಿಟ್ಟು ಮಾಂಸ, ಮೀನು, ಪನೀರು, ತರಕಾರಿ ಮುಂತಾದುವನ್ನು ಸುಡುವ ಬಾರ್ಬೆಕ್ಯೂ ಎಂಬ ಪದ್ಧತಿಯೂ ಹಬ್ಬಿರುತ್ತವೆ. ಈ ಬಗೆಯ ಅಡುಗೆಯಲ್ಲಿ ಬೆಂಕಿಗೂ ಆಹಾರಕ್ಕೂ ನಡುವೆ ಪಾತ್ರೆಯೆಂಬ ತಡೆಯಿಲ್ಲದಿರುವುದರಿಂದ, ಕೆಂಡದಿಂದ ಏಳುವ ಹೊಗೆಯೂ ವಾಸನೆಯೂ ನೇರವಾಗಿ ಊಟದ ತಟ್ಟೆಗೆ ಬಂದು ಸೇರುತ್ತವೆ. ಇಂತಹ ಕೆಲಸಕ್ಕೆ ಹೋಗತಕ್ಕ ತುಂಡು ಇದ್ದಿಲನ್ನು ಕೇವಲ ತೂಕದ ಮೇಲೆ ಕೊಟ್ಟು ತೆಗೆದುಕೊಳ್ಳುವ ವಾಡಿಕೆಯು ಜಮೀನುದಾರರಿಗೇ ನಷ್ಟಕರವಾದುದು.

ಬಳ್ಳಾರಿ, ರಾಯಚೂರು, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಇದ್ದಿಲಿಗೆ ಹೇರಳವಾಗಿ ಒದಗುವುದು ಬಳ್ಳಾರಿ ಜಾಲಿ. ಹೊರದೇಶದಿಂದ ಬೀಜವನ್ನು ತರಿಸಿ 1870ರ ದಶಕದಲ್ಲಿ ದಕ್ಷಿಣ ಹಿಂದುಸ್ಥಾನದಲ್ಲಿ ಬೆಳೆಸಲಾರಂಭಿಸಿದ ಈ ಮುಳ್ಳುಗಿಡವು ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳನ್ನೆಲ್ಲ ಆಕ್ರಮಿಸಿ ರೈತರ ಶಾಪಕ್ಕೆ ಗುರಿಯಾಗಿರುವುದು ನಿಜವಾದರೂ, ಅದರ ಇದ್ದಿಲು ಮಾತ್ರ ಗಟ್ಟಿಯಾದುದು, ಹೆಚ್ಚು ಕಾಲ ಉರಿಯತಕ್ಕದ್ದು. ಆಫ್ರಿಕಾ ಖಂಡದ ನಮೀಬಿಯಾ ದೇಶದವರು ತಮ್ಮ ಹುಲ್ಲುಗಾವಲುಗಳನ್ನು ಮುತ್ತಿದ ಇಂತಹವೇ ಮುಳ್ಳುಪೊದೆಗಳನ್ನು ಕಡಿದು, ಸುಟ್ಟು, ಜರಡಿ ಹಿಡಿದು ಯೂರೋಪಿನ ಬಾರ್ಬೆಕ್ಯೂ ಒಲೆಗಳಿಗೆ ಕಳುಹಿಸುತ್ತಿದ್ದಾರೆ. ಅಲ್ಲಿಯ ಸರಕು ಪರೀಕ್ಷೆಗೆ ಒಳಪಟ್ಟು ಹೋಗುತ್ತದೆ. ಇಲ್ಲಿಯದು ಮೂಟೆಯ ಬಾಯಿ ಹೊಲಿದು ಹೋಗುತ್ತದೆ.

ತಕ್ಕಡಿಯು ಹೇಗೆ ಮೋಸಗೊಳಿಸುವುದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ವಿವೇಚಿಸುವುದು ಅವಶ್ಯ. ಚೆನ್ನಾಗಿ ಒಣಗಿದ 100 ಕಿಲೋ ಸೌದೆಯನ್ನು 300 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಮಾತ್ರ ತಂದು ನಿಲ್ಲಿಸಿದರೆ ಸುಮಾರು 42 ಕಿಲೋ ಇದ್ದಿಲು ದೊರೆಯುತ್ತದೆ. ಅದರಲ್ಲಿ ಸ್ಥಿರವಾದ ಇಂಗಾಲವು ನೂರಕ್ಕೆ 68 ಪಾಲು. ಅದೇ ಸೌದೆಯನ್ನು 500 ಡಿಗ್ರಿಯವರೆಗೆ ಬೇಯಿಸಿದರೆ 33 ಕಿಲೋ ಮಾತ್ರ ಉಳಿಯುತ್ತದೆ. ಇಂಗಾಲವು ನೂರಕ್ಕೆ 86 ಪಾಲಿಗೆ ಏರುತ್ತದೆ. ಮಣ್ಣು ಮುಚ್ಚಿದ ಗೂಡುಗಳಲ್ಲಿ ಇಳುವರಿಯು ಇದಕ್ಕಿಂತ ಕಡಮೆಯಾಗುವುದಾದರೂ ತಾರತಮ್ಯವು ಹೀಗೆಯೇ ಇರುತ್ತದೆ. ಈಗ ಲೆಕ್ಕ ಹಾಕಿ ನೋಡಬೇಕು. ಮೊದಲನೆಯ ರಾಶಿಯಲ್ಲಿರುವ ನಿಜವಾದ ಇಂಗಾಲ ಸುಮಾರು 28½ ಕಿಲೋ. ಎರಡನೆಯದರಲ್ಲಿಯೂ ಹೆಚ್ಚು ಕಡಮೆ ಅಷ್ಟೇ. ಹಾಗಾದರೆ ಹೆಚ್ಚಾಗಿ ತೂಗಿದ ಆ 9 ಕಿಲೋ ಏನು? ಮುಖ್ಯವಾಗಿ ಹೊಗೆಯಾಗಿ ಹೋಗತಕ್ಕ ಪದಾರ್ಥವೇ. ತೂಕವೊಂದನ್ನೇ ನೋಡಿ ಹಣ ಕೊಡುವ ಕಡೆ, ಗೂಡನ್ನು ಬೇಗ ಮುಚ್ಚಿ ಅರೆಬೆಂದ ಸರಕನ್ನು ತೆಗೆದವನು ಲಾಭ ಹೊಂದುತ್ತಾನೆ. ತಾಳ್ಮೆಯಿಂದ ಕಾದು ಪೂರ್ಣವಾಗಿ ಬೇಯಿಸಿದವನು 9 ಕಿಲೋವಿನ ದಂಡ ತೆರುತ್ತಾನೆ.

ಇದರ ಮೇಲೆ ನೀರು ಬೇರೆ. ಗೂಡಿನಿಂದ ಆಗತಾನೆ ತೆಗೆದ ಇದ್ದಿಲಿನಲ್ಲಿ ತೇವವು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಗಾಳಿಯಿಂದ ತಾನಾಗಿಯೇ ಎಳೆದುಕೊಂಡು 5ರಿಂದ 10 ಪಾಲಿನವರೆಗೆ ಏರುವುದುಂಟು. ಇದು ಯಾರ ತಪ್ಪೂ ಅಲ್ಲ. ಅದಕ್ಕೂ ಮೀರಿದರೆ ಮಳೆಯಲ್ಲಿ ನೆನೆದಿರಬೇಕು, ಇಲ್ಲವೆ ಕೊಡದಿಂದ ಎರೆದಿರಬೇಕು. ಒದ್ದೆಯಾದ ಇದ್ದಿಲು ಕಾದಾಗ ಸಿಡಿದು ಚೂರಾಗಿ, ಸುಡುವವನ ಮುಖಕ್ಕೂ ಆಹಾರಕ್ಕೂ ಕಿಡಿ ಹಾರಿಸುತ್ತದೆ.

ಪರೀಕ್ಷೆಗೆ ಮಾದರಿಯನ್ನು ತೆಗೆಯುವುದರಲ್ಲಿಯೇ ಅರ್ಧ ಕೆಲಸ ಇರುತ್ತದೆ. ಮೂಟೆಯ ಬಾಯಿಯಲ್ಲಿ ಕಾಣುವ ದೊಡ್ಡ ತುಂಡುಗಳನ್ನು ನೋಡಿ ತೃಪ್ತಿಪಡುವುದು ಅವಿವೇಕ. ಗಾಡಿಯ ಕುಲುಕಾಟಕ್ಕೆ ಪುಡಿಯೆಲ್ಲ ತಳಕ್ಕೆ ಇಳಿದಿರುತ್ತದೆ. ಆದುದರಿಂದ ಹತ್ತು ಮೂಟೆಗಳಿದ್ದರೆ ಎರಡು ಮೂರನ್ನಾದರೂ ಪೂರ್ತಿ ಸುರಿದು, ರಾಶಿಯನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಮಾತ್ರ ಉಳಿಸಿಕೊಂಡು, ಪುನಃ ಹಾಗೆಯೇ ಮಾಡುತ್ತ ಬಂದು ಹತ್ತು ಕಿಲೋವಿನಷ್ಟು ಮಾದರಿಯನ್ನು ಇಟ್ಟುಕೊಳ್ಳತಕ್ಕದ್ದು.

ಮೊದಲು ಜರಡಿ. ಬಾರ್ಬೆಕ್ಯೂ ಇದ್ದಿಲಿಗೆ ಯೂರೋಪಿನವರು ಇಟ್ಟುಕೊಂಡಿರುವ ಕಟ್ಟಳೆಯ ಪ್ರಕಾರ ನೂರಕ್ಕೆ 80 ಪಾಲಾದರೂ 20 ಮಿಲಿಮೀಟರಿಗಿಂತ ದೊಡ್ಡ ತುಂಡುಗಳಿರಬೇಕು. 10 ಮಿಲಿಮೀಟರಿಗಿಂತ ಸಣ್ಣದಾದ ಪುಡಿಯು 7 ಪಾಲನ್ನು ಮೀರಕೂಡದು. ಪುಡಿಯು ಹೆಚ್ಚಾದರೆ ತುಂಡುಗಳ ನಡುವಣ ಸಂದುಗಳು ಮುಚ್ಚಿ ಗಾಳಿಯಾಡದೆ ಕೆಂಡವು ಮಂಕಾಗುತ್ತದೆ. ಹಾಗೆಂದು ಪುಡಿಯನ್ನು ಚೆಲ್ಲಬೇಕಾದುದಿಲ್ಲ. ಗಂಜಿ ಬೆರೆಸಿ ಬಿಲ್ಲೆಗಳಾಗಿ ಅಚ್ಚೊತ್ತಿ ಬೇರೆಯಾಗಿ ಮಾರಬಹುದು.

ಅನಂತರ ಕಣ್ಣು, ಕಿವಿ, ಕೈಗಳ ಪರೀಕ್ಷೆ. ಪೂರ್ಣವಾಗಿ ಬೆಂದ ತುಂಡನ್ನು ಮುರಿದರೆ ಮುರಿದ ಮುಖವು ಕಪ್ಪಾಗಿ ಹೊಳೆಯುತ್ತದೆ. ಅರೆಬೆಂದುದರಲ್ಲಿ ಒಳತಿರುಳು ಕಂದು ಬಣ್ಣವಾಗಿದ್ದು ಮುರಿಯುವಾಗ ನಾರು ಎಳೆದಂತಾಗುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಒಳ್ಳೆಯದು ಕಂಚಿನಂತೆ ಠಣ್ ಎನ್ನುತ್ತದೆ, ಕೊಳ್ಳಿಯು ಮರದಂತೆ ಸದ್ದು ಮಾಡುತ್ತದೆ. ಜಪಾನಿನವರು ಮೀನನ್ನೂ ಕೋಳಿಯನ್ನೂ ಸುಡಲು ಬಳಸುವ ಬಿಂಚೋತಾನ್ ಎಂಬ ಬಿಳಿ ಇದ್ದಿಲು ಈ ನಾದಕ್ಕೇ ಹೆಸರಾದುದು. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಹಗುರ ಮರದ ಇದ್ದಿಲು ಎಷ್ಟೇ ಚೆನ್ನಾಗಿ ಬೆಂದಿದ್ದರೂ ಜಾಲಿ, ಹುಣಸೆ, ಸರ್ವೆಗಳ ಇದ್ದಿಲಿನಂತೆ ನಾದ ಕೊಡುವುದಿಲ್ಲ. ಒಂದು ಜಾತಿಯ ಮರದ ಸರಕನ್ನು ಅದೇ ಜಾತಿಯದರೊಡನೆ ಹೋಲಿಸಿದರೆ ಮಾತ್ರ ನ್ಯಾಯ. ರಾಶಿಯಲ್ಲಿ ಬಣ್ಣ ಬಳಿದ ಹಲಗೆ, ಪ್ಲೈವುಡ್, ಮೊಳೆ ಕಂಡುಬಂದರೆ ಮುಂದಿನ ಪರೀಕ್ಷೆಯೇ ಬೇಡ. ಅದನ್ನು ಅಡುಗೆಗೆ ಕಳುಹಿಸತಕ್ಕದ್ದಲ್ಲ.

ತೇವವನ್ನು ತಿಳಿಯಲು 100 ಗ್ರಾಂ ಇದ್ದಿಲನ್ನು ಕುಟ್ಟಿ ತಟ್ಟೆಯಲ್ಲಿ ಹರಡಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಆ ತಟ್ಟೆಯನ್ನಿಟ್ಟು, ತೂಕವು ಇನ್ನು ಇಳಿಯದೆ ನಿಲ್ಲುವವರೆಗೆ ಒಣಗಿಸಿದರೆ ಸಾಕು. ಎಷ್ಟು ಗ್ರಾಂ ಇಳಿಯಿತೋ ಅಷ್ಟೇ ನೂರಕ್ಕೆ ತೇವ. 8ಕ್ಕಿಂತ ಹೆಚ್ಚಿದ್ದರೆ ಆ ನೀರಿನ ತೂಕವನ್ನು ಕಳೆದು ಬೆಲೆ ಕಟ್ಟಬೇಕು.

ಇವೆಲ್ಲಕ್ಕಿಂತ ನಂಬತಕ್ಕದ್ದು ಉರಿಸಿ ನೋಡುವುದು. ಇದನ್ನು ಬಯಲಿನಲ್ಲಿಯೇ ಮಾಡತಕ್ಕದ್ದು, ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡೆಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಂತಿಕವಾದುದು. ಒಂದೇ ಅಳತೆಯ ಎರಡು ಅಗ್ಗಿಷ್ಟಿಕೆಗಳನ್ನು ತಂದು, ಒಂದರಲ್ಲಿ ಒಳ್ಳೆಯದೆಂದು ಈಗಾಗಲೇ ಗೊತ್ತಿರುವ ಇದ್ದಿಲನ್ನೂ ಇನ್ನೊಂದರಲ್ಲಿ ಪರೀಕ್ಷಿಸತಕ್ಕದ್ದನ್ನೂ ಎರಡೆರಡು ಕಿಲೋ ತುಂಬಿ, ಸಮತೂಕದ ಒಣ ತೆಂಗಿನ ನಾರಿನಿಂದ ಒಟ್ಟಿಗೇ ಹೊತ್ತಿಸಬೇಕು. ಸೀಮೆಎಣ್ಣೆಯನ್ನು ಸುರಿದರೆ ಅದರ ವಾಸನೆಯಲ್ಲಿ ಇದ್ದಿಲಿನ ದೋಷವು ಮರೆಯಾಗಿ ಹೋಗುವುದು. ನಾರು ಉರಿದುಹೋದ ಮೇಲೂ ಹಳದಿ ಜ್ವಾಲೆಯೂ ಕಣ್ಣುರಿಸುವ ಹೊಗೆಯೂ ಬಹಳ ಹೊತ್ತು ನಿಂತರೆ ಸರಕು ಬೆಂದಿಲ್ಲವೆಂದೇ ತಿಳಿಯತಕ್ಕದ್ದು. ಒಳ್ಳೆಯ ಇದ್ದಿಲಿನಲ್ಲಿ ಹೊಗೆಯು ಬೇಗನೆ ಅಡಗಿ, ಕಿರಿದಾದ ನೀಲಿ ಜ್ವಾಲೆ ಆಡಿ, ತುಂಡುಗಳ ಮೇಲೆ ತೆಳುವಾದ ಬೂದಿ ಮುಸುಕುತ್ತದೆ. ಆಗ ಉಪ್ಪು ಖಾರ ಹಚ್ಚದ ಎಳೆಯ ಮುಸುಕಿನ ಜೋಳದ ತೆನೆಯೊಂದನ್ನು ಎರಡರ ಮೇಲೂ ಸುಟ್ಟು ರುಚಿ ನೋಡಬೇಕು. (ಪರೀಕ್ಷೆಯ ಈ ಭಾಗಕ್ಕೆ ಸಾಕ್ಷಿಗಳ ಅಭಾವ ಯಾವ ಗ್ರಾಮದಲ್ಲಿಯೂ ಉಂಟಾಗಲಾರದು.) ಕೆಂಡವು ಎಷ್ಟು ಹೊತ್ತು ನಿಂತಿತೆಂಬುದನ್ನು ಗಡಿಯಾರ ನೋಡಿ ಬರೆದು, ಕೊನೆಗೆ ಬೂದಿಯನ್ನು ತೂಗಬೇಕು. ಎರಡು ಕಿಲೋಗೆ 60 ಗ್ರಾಂ ಬಂದರೆ ಉತ್ತಮ. 160 ಗ್ರಾಂ ಮೀರಿದರೆ ತೊಗಟೆಯೋ ಗೂಡಿನ ಮಣ್ಣೋ ಬೆರೆತಿರುವುದು ನಿಶ್ಚಯ.

ಅರೆಬೆಂದ ಸರಕಿಗೆ ಗೂಡು ಕಾಯುವ ಕೂಲಿಗಳನ್ನು ನಿಂದಿಸುವ ಜಮೀನುದಾರರು ಉಂಟು. ಆದರೆ ಕೂಲಿಯು ಮೂಟೆಯ ಲೆಕ್ಕದಲ್ಲಿ ಗೊತ್ತಾಗಿರುವ ಕಡೆಗಳಲ್ಲಿ ದೋಷವು ಕರಾರಿನದೇ ಹೊರತು ಕೂಲಿಯದಲ್ಲ. ರಾತ್ರಿಯೆಲ್ಲ ಹೊಗೆಯಲ್ಲಿ ಕುಳಿತು ಹೆಚ್ಚು ಬೇಯಿಸಿದಷ್ಟೂ ಮೂಟೆ ಕಡಮೆಯಾಗಿ ತನ್ನ ಮಕ್ಕಳ ಅನ್ನವೇ ಕಡಮೆಯಾಗುವುದಾದರೆ, ಗೂಡನ್ನು ಬೇಗ ಮುಚ್ಚದೆ ಇನ್ನೇನು ಮಾಡಿಯಾನು? ಗೂಡೊಂದಕ್ಕೆ ಇಷ್ಟೆಂದು ಕೂಲಿಯನ್ನು ಗೊತ್ತುಮಾಡಿ, ಪರೀಕ್ಷೆಯಲ್ಲಿ ಗೆದ್ದ ಗೂಡಿಗೆ ಮೇಲೊಂದು ಇನಾಮನ್ನು ಸೇರಿಸಿದರೆ ಈ ಕಷ್ಟವು ಬಹುಮಟ್ಟಿಗೆ ತಪ್ಪುತ್ತದೆ.

ದಲ್ಲಾಳಿಗಳು ಹೆಚ್ಚಿನ ದರವನ್ನು ಕೊಡುವುದಿಲ್ಲವೆಂಬ ಆಕ್ಷೇಪಣೆಯು ನಿರಾಧಾರವಾದುದಲ್ಲ. ಒಬ್ಬನೇ ಜಮೀನುದಾರನು ಈ ಹಠ ಹಿಡಿದರೆ ಮೊದಲ ವರ್ಷ ಕೈಸುಟ್ಟುಕೊಳ್ಳುವುದೂ ಸಂಭವ. ಆದುದರಿಂದ ಗ್ರಾಮದ ಮುಖ್ಯಸ್ಥರು ಮುಂದಾಗಿ, ಊರಿನ ಗೂಡುಗಳ ಸರಕೆಲ್ಲವೂ ಒಂದೇ ಕಣದಲ್ಲಿ ಜರಡಿಯಾಡಿ, ಉರಿಯ ಪರೀಕ್ಷೆಯಾಗಿ, ಎರಡು ದರ್ಜೆಗಳಾಗಿ ವಿಂಗಡವಾದ ಮೇಲೆಯೇ ಮೂಟೆಗಳ ಬಾಯಿ ಹೊಲಿಯತಕ್ಕದ್ದೆಂದು ಏರ್ಪಾಡು ಮಾಡಬೇಕು. ಕೊಳ್ಳುವವನು ಕಣದಲ್ಲಿಯೇ ನಿಂತು ನೋಡಲಿ. ಎರಡನೆಯ ದರ್ಜೆಯದಕ್ಕೆ ಇಸ್ತ್ರಿ ಪೆಟ್ಟಿಗೆಯವರೂ ಕಮ್ಮಾರರೂ ಗಿರಾಕಿಗಳಾಗಬಹುದು. ದೊಡ್ಡ ಪ್ರಮಾಣದಲ್ಲಿ ಒಪ್ಪಂದ ಮಾಡಿಕೊಳ್ಳುವುದಾದರೆ ಒಮ್ಮೆ ಪ್ರಯೋಗಶಾಲೆಯ ಪರೀಕ್ಷೆಯನ್ನೂ ಮಾಡಿಸಿ, ಸ್ಥಿರ ಇಂಗಾಲವು ನೂರಕ್ಕೆ 75ಕ್ಕೆ ಕಡಮೆಯಿಲ್ಲವೆಂದು ಬರೆಯಿಸಿಕೊಳ್ಳುವುದು ಮೇಲು. ಗಿಡಗಳನ್ನು ಕಡಿಯುವುದಕ್ಕೆ ಮುಂಚೆ ಅರಣ್ಯ ಇಲಾಖೆಯ ಕಛೇರಿಯಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳತಕ್ಕದ್ದು.

ಪರೀಕ್ಷೆಯ ಅವಸರದಲ್ಲಿ ಗೂಡು ತೆರೆದ ದಿನವೇ ಮೂಟೆ ಕಟ್ಟುವುದು ಅಪಾಯಕರ. ಆರಿದಂತೆ ಕಾಣುವ ಹೊಸ ಇದ್ದಿಲು ಗಾಳಿ ತಗುಲಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಕಡಮೆಯೆಂದರೆ 24 ಗಂಟೆಗಳ ಕಾಲ ಅದನ್ನು ಬಯಲಿನಲ್ಲಿ ಹರಡಿಟ್ಟು, ಮಳೆಯ ಸೂಚನೆಯಿದ್ದರೆ ಮೇಲೆ ತಗಡು ಹೊದಿಸಿ, ಅನಂತರ ಕಣಕ್ಕೆ ತರತಕ್ಕದ್ದು.