ಹಲ್ಲಿನ ಮೇಲಿನ ಬಿಳಿ ಗೆರೆ

ಮಗುವಿನ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ನೋಡಿದರೆ, ಒಸಡಿಗೆ ಅಂಟಿಕೊಂಡಂತೆ, ಸುಣ್ಣದಲ್ಲಿ ಎಳೆದಂಥ ಮಂಕು ಬಿಳಿ ಗೆರೆಯೊಂದು ಕಾಣುವುದುಂಟು. ನೋವಿಲ್ಲ, ಬಾವಿಲ್ಲ, ತೂತಿಲ್ಲ. ಹಾಲು ಅಂಟಿರಬೇಕು ಎಂದು ತಾಯಿ ಸೆರಗಿನಿಂದ ಒರೆಸುತ್ತಾಳೆ. ಪಕ್ಕದಲ್ಲಿ ಕೂತ ಅಜ್ಜಿ, ‘ಹಾಲಹಲ್ಲು ಅವ, ಬಿದ್ದು ಹೊಸಾವು ಬರ್ತಾವ, ಬಿಡು’ ಎನ್ನುತ್ತಾಳೆ. ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಈ ಮಾತನ್ನು ಕೇಳದ ಮನೆ ಇರಲಾರದು. ನಮ್ಮ ಆತಂಕ ಹಲ್ಲಿನ ಹುಳುಕಿಗಿಂತ ಹೆಚ್ಚಾಗಿ ಆ ‘ಬಿಡು’ ಎಂಬ ಎರಡಕ್ಷರದ್ದು.

ಆ ಗೆರೆ ಹಲ್ಲಿನ ಹೊರಕವಚದಿಂದ ಸುಣ್ಣದಂಶ ಕರಗುತ್ತಿರುವುದರ ಗುರುತು. ತಿಂದ ಸಿಹಿಯನ್ನು ಬಾಯಿಯ ಸೂಕ್ಷ್ಮಾಣುಗಳು ಆಮ್ಲವಾಗಿಸುತ್ತವೆ, ಆಮ್ಲ ಕವಚವನ್ನು ತಿನ್ನುತ್ತದೆ, ಜೊಲ್ಲು ಆ ನಷ್ಟವನ್ನು ತುಂಬಿಕೊಡಲು ನೋಡುತ್ತದೆ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಟೋಸ್ಟು, ಮಧ್ಯಾಹ್ನ ಐದು ರೂಪಾಯಿಯ ಪೊಟ್ಟಣ, ಸಂಜೆ ಮತ್ತೆ ಚಹಾ ಬಿಸ್ಕಿಟು ಎಂದಾದರೆ ಜೊಲ್ಲಿಗೆ ಬಿಡುವೇ ಸಿಗದು. ಗೆರೆ ಬಿಳಿಯಾಗಿರುವಷ್ಟು ಕಾಲ ರೋಗ ಬಂದ ದಾರಿಯಲ್ಲೇ ಹಿಂದಿರುಗಬಲ್ಲದು. ದಿನಕ್ಕೆರಡು ಸಲ ಫ್ಲೋರೈಡ್ ಇರುವ ಪೇಸ್ಟು, ಅದೂ ಕೂಸಿಗೆ ಅಕ್ಕಿಕಾಳಿನಷ್ಟು, ಮೂರು ದಾಟಿದ ಮಗುವಿಗೆ ಬಟಾಣಿಯಷ್ಟು. ವರ್ಷಕ್ಕೆರಡು ಬಾರಿ ದಂತವೈದ್ಯರು ಹಚ್ಚುವ ಫ್ಲೋರೈಡ್ ವಾರ್ನಿಷ್. ಸಿಹಿಗೆ ಒಂದು ಹೊತ್ತುಗೊತ್ತು. ಇಷ್ಟರಲ್ಲೇ ತಡೆಯಬಹುದು. ಕಂದಾಗಿ, ಕಪ್ಪಾಗಿ, ಕುಳಿ ಬಿದ್ದ ಮೇಲೆ ಉಗುರಿನಲ್ಲಿ ಹೋಗುತ್ತಿದ್ದುದಕ್ಕೆ ಕೊಡಲಿ ಬೇಕಾಗುತ್ತದೆ.

ಇಲ್ಲೊಂದು ತೊಡಕಿದೆ. ಇದೇ ಬಿಳುಪು ಇದಕ್ಕೆ ತೀರ ವಿರುದ್ಧವಾದ ಕಾರಣದಿಂದಲೂ ಬರುತ್ತದೆ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ, ಆಮೇಲೆ ಮೂಡುವ ಹಲ್ಲುಗಳ ಮೇಲೆ ಎಡಬಲ ಒಂದೇ ಸಮನೆ ಬಿಳಿ ಪಟ್ಟೆಗಳು ಕಾಣುತ್ತವೆ. ಹೆಚ್ಚಾದರೆ ಕಂದು ಕಲೆ. ಅದು ಫ್ಲೋರೋಸಿಸ್. ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 1 ಮಿಲಿಗ್ರಾಂ. ಬೇರೆ ಜಲಮೂಲವೇ ಇಲ್ಲದಿದ್ದರೆ 1.5. ಫ್ಲೋರೈಡ್ ಸಾಲದ ಬಾಯಿಗೂ ಹೆಚ್ಚಾದ ಬಾಯಿಗೂ ಮೊದಲ ಗುರುತು ಬಿಳುಪೇ. ನೋಡಬಲ್ಲ ಕಣ್ಣು ಮತ್ತು ಅಳೆದ ನೀರು, ಎರಡೂ ಇಲ್ಲದೆ ಇವುಗಳ ವ್ಯತ್ಯಾಸ ತಿಳಿಯದು.

ಹಿರಿಯರಿಗೆ ನೆನಪಿರಬೇಕು. ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬಿಸುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕವನ್ನು ನಾರುಹುಣ್ಣು ಕಾಡಿತ್ತು. ಅದನ್ನು ಓಡಿಸಲು ನೆರವಾದದ್ದರಲ್ಲಿ ಕೊಳವೆಬಾವಿಯೂ ಒಂದು. 2000ರಲ್ಲಿ ದೇಶವೇ ನಾರುಹುಣ್ಣು ಮುಕ್ತವಾಯಿತು. ಆ ಗೆಲುವು ಸಣ್ಣದಲ್ಲ. ಆದರೆ ಗೆದ್ದೆವೆಂದು ಕೈ ತೊಳೆದುಕೊಂಡ ಕಡೆಗಳಲ್ಲಿ ಅದೇ ಕೊಳವೆಬಾವಿ ಇನ್ನೊಂದನ್ನು ಮೇಲೆತ್ತಿತು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಮಕ್ಕಳ ಹಲ್ಲು ಕಂದಾದಾಗ ‘ನೀರಿನ ಗುಣ, ಬಿಡಿ’ ಎಂದವರೇ ಹೆಚ್ಚು. ಬೆನ್ನು ಬಾಗಿ, ಮೊಣಕಾಲು ಸೆಟೆದ ಮೇಲಷ್ಟೇ ಅದಕ್ಕೆ ರೋಗ ಎಂಬ ಹೆಸರು ಬಂತು. ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಹುಟ್ಟಿದ್ದು 2008-09ರಲ್ಲಿ. ನೆಲ್ಲೂರು ಸೀಮೆಯಿಂದ ಈ ರೋಗದ ವರದಿ ಹೊರಬಿದ್ದದ್ದು 1937ರಲ್ಲಿ. ನಡುವಿನ ಎಪ್ಪತ್ತು ವರ್ಷದ ಲೆಕ್ಕ ಯಾರನ್ನು ಕೇಳಬೇಕು?

ನಮ್ಮದು ಕಪ್ಪು ಕಲ್ಲು, ಜಂಬಿಟ್ಟಿಗೆಯ ನೆಲ. ಪಾವಗಡದ ಹಾಗಲ್ಲ ಎಂಬುದು ನಿಜ. ಅದನ್ನೇ ನಂಬಿ ನಿಶ್ಚಿಂತರಾಗುವುದು ಬೇರೆ ಮಾತು. ಒಂದೇ ಮಗು ಮನೆಯಲ್ಲಿ ನಲ್ಲಿ ನೀರು, ಹೊಲದಲ್ಲಿ ಬೋರಿನ ನೀರು, ಉಳಿದಂತೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಕುಡಿಯುತ್ತದೆ. ಆರ್‌ಒ ಯಂತ್ರ ಕೆಟ್ಟದ್ದರ ಜೊತೆ ಫ್ಲೋರೈಡಿನ ಬಹುಪಾಲನ್ನೂ ತೆಗೆದುಹಾಕುತ್ತದೆ. ಹೆಚ್ಚಿದ್ದಲ್ಲಿ ಅದು ವರ. ಮೊದಲೇ ಕಡಿಮೆ ಇದ್ದಲ್ಲಿ ಇದ್ದ ಅಲ್ಪ ರಕ್ಷಣೆಯೂ ಹೋದಂತೆ.

ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣ 1945ರಲ್ಲೇ ನೀರಿಗೆ ಅಳೆದು ಫ್ಲೋರೈಡ್ ಬೆರೆಸಿತು. ಕೆನಡಾದ ಕ್ಯಾಲ್ಗರಿ 2011ರಲ್ಲಿ ಬೆರೆಸುವುದನ್ನು ನಿಲ್ಲಿಸಿತು, ಮಕ್ಕಳ ಹುಳುಕು ಏರಿದ್ದು ಕಂಡು 2025ರಲ್ಲಿ ಮತ್ತೆ ಶುರುಮಾಡಿತು. ನಮ್ಮಲ್ಲೂ ಬೆರೆಸಿ ಎಂದು ನಾವು ಹೇಳುತ್ತಿಲ್ಲ. ಊರಿಗೊಂದು ಬಗೆಯ ನೀರಿರುವಲ್ಲಿ ಅದು ಅಪಾಯದ ಮಾತು. ಅವರು ಅಳೆಯುತ್ತಿದ್ದರು, ಆದ್ದರಿಂದ ತಪ್ಪು ತಿಳಿಯಿತು. ನಿಮ್ಮ ಮನೆಯ ಕೊಡದಲ್ಲಿ ಫ್ಲೋರೈಡ್ ಎಷ್ಟಿದೆ?

ವೈದ್ಯರಿಲ್ಲ ಎಂದು ದೂರುವಂತೆಯೂ ಇಲ್ಲ. ಹುಮನಾಬಾದಿನಲ್ಲೇ ದಂತ ವೈದ್ಯಕೀಯ ಕಾಲೇಜಿದೆ. ಬೀದರಿನಲ್ಲಿದೆ, ಕಲಬುರಗಿಯಲ್ಲಿದೆ. ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಲ್ಲಿನ ಕುರ್ಚಿಯಿಲ್ಲ. ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊತ್ತು, ನೋವೇ ಇಲ್ಲದ ಹಲ್ಲಿಗೆ ಯಾರು ಹೋಗುತ್ತಾರೆ? ನೋವು ಬಂದಾಗ ಲವಂಗ, ನೋವಿನ ಮಾತ್ರೆ, ಹೆಂಗಸರಿಗೆ ಮಿಶ್ರಿ. ಸುಟ್ಟ ತಂಬಾಕಿನ ಆ ಪುಡಿ ಹಲ್ಲುನೋವಿನ ನೆಪದಲ್ಲಿ ಬಾಯಿಗೆ ಬಂದು ಚಟವಾಗಿ ಉಳಿಯುತ್ತದೆ. ಅದರ ಮುಂದಿನ ಕತೆ ಕ್ಯಾನ್ಸರ್ ವಾರ್ಡಿನದು.

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಗೆ ಸರ್ಕಾರವೂ ತನ್ನ ಪಾಲು ಸೇರಿಸಿದೆ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ‘ದಂತ ಭಾಗ್ಯ’ ಒಳ್ಳೆಯ ಯೋಜನೆಯೇ. ಆದರೆ ಅದು ಬರುವುದು ಹಲ್ಲೆಲ್ಲ ಉದುರಿದ ಮೇಲೆ.

ಹಾಲುಹಲ್ಲಿನ ಸಮಾಧಾನಕ್ಕೂ ಮಿತಿಯಿದೆ. ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಒಂದು ದವಡೆಹಲ್ಲು ಮೂಡುತ್ತದೆ. ತಾಯಂದಿರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಅದು ಕೊನೆಯವರೆಗಿನ ಹಲ್ಲು. ಪಕ್ಕದ ಹಲ್ಲಿನ ಹುಳುಕು ಮೊದಲು ದಾಟುವುದು ಅದಕ್ಕೇ.

2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ಹುಳುಕು ಹಲ್ಲಿತ್ತು. ಆ ಮಕ್ಕಳು ಈಗ ಹೆತ್ತವರಾಗುವ ವಯಸ್ಸಿನಲ್ಲಿದ್ದಾರೆ.

ಹೊಸ ಯೋಜನೆ ಬೇಡ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಶಾಲೆಗೆ ಒಮ್ಮೆ ಹೋಗಬೇಕು. ಜಲ ಜೀವನ ಮಿಷನ್ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕೊಡುವ ಪರೀಕ್ಷಾ ಕಿಟ್ ಫ್ಲೋರೈಡನ್ನೂ ತೋರಿಸುತ್ತದೆ. ಆ ಅಂಕಿಯನ್ನು ಪಂಚಾಯಿತಿ ಗೋಡೆಗೆ ಬರೆಸಿ. ದಂತ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹೋಬಳಿ ಹಂಚಿಕೊಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಸಂಚಾರಿ ದಂತ ವಾಹನ ದೊಡ್ಡ ಬಾಬತ್ತಲ್ಲ.

ಓದುಗರಲ್ಲೂ ಒಂದು ಮಾತು. ಇಂದು ರಾತ್ರಿ ಮಗು ಮಲಗುವ ಮುನ್ನ ಬೆಳಕಿಗೆ ಹಿಡಿದು ಮೇಲ್ದುಟಿ ಎತ್ತಿ ನೋಡಿ. ಬಿಳಿ ಗೆರೆ ಕಂಡರೆ ಹುಮನಾಬಾದಿನ ಬಸ್ಸು ಹತ್ತಿ. ಕಪ್ಪಾಗುವವರೆಗೆ ಕಾಯಬೇಡಿ.